ಅಕ್ಷರಕ್ಕೆ ಅರವತ್ತು ಪೆನ್ಸ್

ಕೀತ್ಲಿಯ ಬಸ್ ನಿಲ್ದಾಣದ ಹಿಂದೆ ನನ್ನ ಗೂಡಂಗಡಿ.
ಷೂ ಅಟ್ಟೆ, ಬೀಗದ ಕೈ, ಫಲಕದ ಮೇಲೆ ಹೆಸರು.

ವರ್ಷಕ್ಕೊಮ್ಮೆ, ನವೆಂಬರಿನ ಜಿಟಿಜಿಟಿಯಲ್ಲಿ
ಕೊಡೆ ಮಡಿಚುತ್ತ ಬರುತ್ತಾರೆ ತಸವ್ವರ್ ಸಾಹೇಬರು,
ಮಸೀದಿ ಕಮಿಟಿಯ ಕಾರ್ಯದರ್ಶಿ.
ಕಂಕುಳಲ್ಲಿ ಹಿತ್ತಾಳೆ ಫಲಕ, ಜೇಬಿನಲ್ಲಿ ಚೀಟಿ,
ಚೀಟಿಯಲ್ಲಿ ಆ ವರ್ಷ ಶಾಂತಿಗೆ ದುಡಿದವರ ಹೆಸರು.

ಹಿಂದಿನವರು ನೆನಪಿದ್ದಾರೆ: ಒಬ್ಬ ಪಾದ್ರಿ,
ಒಬ್ಬ ಕ್ರಿಕೆಟ್ ಅಂಪೈರ್,
ಮಯ್ಯತ್ತು ತೊಳೆಯಲು ಆಸ್ಪತ್ರೆಯಲ್ಲಿ
ಜಾಗ ಬಿಡಿಸಿಕೊಟ್ಟ ನರ್ಸು.
ಎಲ್ಲ ಒಳ್ಳೆಯವರು.
ಒಳ್ಳೆಯವರ ಹೆಸರು ಕೆತ್ತುವಾಗ ನನಗೆ ತೂಕಡಿಕೆ.

ಈ ಸಲ ಚೀಟಿ ಓದಿ ತಲೆಯೆತ್ತಿದೆ.
ಡೋರೀನ್ ಅಕ್ರಾಯ್ಡ್.
"ಆ ಎದುರು ಮನೆಯ ಮುದುಕಿಯಲ್ಲವೆ?"
"ಅವಳೇ," ಅಂದರು. ಕನ್ನಡಕ ಒರೆಸಿಕೊಂಡರು.

ಊರಿಗೇ ಗೊತ್ತು. ಹನ್ನೊಂದು ವರ್ಷ, ಶುಕ್ರವಾರ ತಪ್ಪದೆ
ನಮಾಜಿಗೆ ಬಂದವರ ಕಾರು ಅವಳ ಗೇಟಿಗೆ ಅಡ್ಡ.
ಹನ್ನೊಂದು ವರ್ಷ ಕೌನ್ಸಿಲ್ಲಿಗೆ ಅವಳ ಕಾಗದ:
ನೀಲಿ ಶಾಯಿ, ಕಾರಿನ ನಂಬರು, ಬಂದ ಹೊತ್ತು, ಹೋದ ಹೊತ್ತು.
ಸಾಹೇಬರ ಕಪಾಟಿನಲ್ಲಿ ಅದಕ್ಕೇ ಒಂದು ಫೈಲು,
ಇಟ್ಟಿಗೆಯಷ್ಟು ದಪ್ಪ.

ನಿಜವಾದ ಇಟ್ಟಿಗೆ ಬಿದ್ದದ್ದು ಆಗಸ್ಟಿನಲ್ಲಿ,
ಸರಿರಾತ್ರಿ, ಮಕ್ಕಳು ಓದುವ ಕೋಣೆಯ ಕಿಟಕಿಗೆ.
ಗಾಜಿನ ಸದ್ದಿಗೆ ಮೊದಲು ಎದ್ದವಳು ಡೋರೀನ್.
ಮೈಮೇಲೆ ಸತ್ತ ಗಂಡನ ಕೋಟು,
ಕೈಯಲ್ಲಿ ಒಲೆ ಕೆದಕುವ ಸಲಾಕೆ,
ರಸ್ತೆ ದಾಟಿ ಹೋಗಿ ಮಸೀದಿಯ ಮೆಟ್ಟಿಲ ಮೇಲೆ ಕೂತಳು.
ಇನ್ನೂ ಅಲ್ಲೇ ಇದ್ದರಂತೆ, ಮೂವರೋ ನಾಲ್ವರೋ,
ಮುಖ ಮುಚ್ಚಿಕೊಂಡ ಹುಡುಗರು.
"ಇವರನ್ನು ಬೈಯುವುದು ನನ್ನ ಕೆಲಸ," ಅಂದಳಂತೆ.
"ನೀವು ಮನೆಗೆ ಹೋಗಿ."

ಬೆಳಗಿನ ನಮಾಜಿಗೆ ಬಂದ ಮೊದಲ ಮುದುಕ
ಅವಳನ್ನು ಕಂಡು, ತಡವರಿಸಿ, ಸಲಾಂ ಹೇಳಿದ.
ಅವಳು ಕೇಳಿದಳು: "ಕಾರು ಎಲ್ಲಿ ನಿಲ್ಲಿಸಿದೆ?"

ನಾನು ಹೆಸರು ಕೆತ್ತಲು ಕಲಿತದ್ದು ರಾಣೆಬೆನ್ನೂರಿನಲ್ಲಿ,
ಪಾತ್ರೆ ಅಂಗಡಿಯ ಹೊಸ್ತಿಲಲ್ಲಿ ಕೂತು.
ಸ್ಟೀಲು ಕೊಡದ ಕಂಠಕ್ಕೆ ತವರಿನ ಹೆಸರು, ಮದುವೆಯ ತಾರೀಕು.
ಕಲಿಸಿದಾತ ಹೇಳುತ್ತಿದ್ದ:
ಹೆಸರು ಹಾಕುವುದು ಮೆರೆಯಲಿಕ್ಕಲ್ಲವೋ,
ಎರವಲು ಹೋದದ್ದು ತಿರುಗಿ ಬರಲಿ ಅಂತ.
ಪಾತ್ರೆ ಓಡಾಡುವ ಮನೆಗಳ ನಡುವೆಯೇ ಜಗಳ;
ಓಡಾಡದ ಮನೆಗಳ ನಡುವೆ ಏನಿದೆ,
ಗೋಡೆ.

ಹೆಸರಿನ ಮೇಲೆ ಅಮನ್ ಅಂತ ಉರ್ದುವಿನಲ್ಲಿ ಬೇಕಿತ್ತು.
ಸಾಹೇಬರು ಬರೆದುಕೊಟ್ಟರು. ನನಗೆ ಓದಲು ಬಾರದು,
ರಂಗೋಲಿಯ ಹಾಗೆ ಎಡಗಡೆಯಿಂದ ಎಳೆದೆ.
"ಕೊನೆಯಿಂದ ಶುರು ಮಾಡಿದಿರಲ್ಲ!" ಎಂದು ನಕ್ಕರು.
ಹೇಗೋ ಬಂದು ಸೇರಿತು.

ಸಮಾರಂಭಕ್ಕೆ ನನಗೂ ಕರೆ. ಹಾಲಿನ ತುಂಬ ಬಿರಿಯಾನಿಯ ಹಬೆ,
ಮೇಯರಿಗೆ ಹಾರ. ಡೋರೀನ್ ಮೈಕು ಹಿಡಿದಳು:
"ಒಂದು ಬಿಳಿ ವ್ಯಾನು. ಈಗಲೂ ನನ್ನ ಗೇಟಿನ ಮುಂದಿದೆ.
ಯಾರದು?"
ಹಾಲಿಗೆ ಹಾಲೇ ನಕ್ಕಿತು. ಅವಳು ನಗಲಿಲ್ಲ.
ಹಿಂದಿನ ಸಾಲಿನಿಂದ ಒಬ್ಬ ಎದ್ದು ಓಡಿದ,
ಕೈಯಲ್ಲಿ ಬೀಗದ ಕೈ. ನಾನೇ ಮಾಡಿಕೊಟ್ಟದ್ದು.

ಸೋಮವಾರ ಅಂಗಡಿ ತೆರೆಯುವಷ್ಟರಲ್ಲಿ ನಿಂತಿದ್ದಳು,
ಫಲಕ ಪ್ಲಾಸ್ಟಿಕ್ ಚೀಲದಲ್ಲಿ.
"ಎರಡು ತೂತು ಹಾಕಿಕೊಡು, ಗೇಟಿಗೆ ಕಟ್ಟಬೇಕು.
ಹಿಂಬದಿಗೆ ಬರೆ:
ಇಲ್ಲಿ ಗಾಡಿ ನಿಲ್ಲಿಸಬೇಡಿ."
ಬರೆದೆ. ದುಡ್ಡು ಹೇಳಿದೆ.
ಯಾಕೋ, ಬಾಯಿಗೆ ಬಂತು:
"ಮುಂದೆ ಒಂದು 'ದಯವಿಟ್ಟು' ಸೇರಿಸಲೆ?"

"ಎಷ್ಟು ಅಕ್ಷರ?"
"ನಿಮ್ಮ ಭಾಷೆಯಲ್ಲಿ ಆರು.
ಮೂರು ಪೌಂಡು ಅರವತ್ತು."

ಹೊರಗೆ ಬಸ್ಸೊಂದು ಹಿಂದಕ್ಕೆ ಬರುತ್ತ ಬೀಪ್ ಬೀಪ್ ಅನ್ನುತ್ತಿತ್ತು.
ಅದು ನಿಲ್ಲುವವರೆಗೂ ಸುಮ್ಮನಿದ್ದಳು.
ಆಮೇಲೆ ಪರ್ಸು ಬಿಚ್ಚಿ
ಒಂದೊಂದೇ ನಾಣ್ಯ ಎಣಿಸತೊಡಗಿದಳು.